ರೈಲು ಯಾರ ಸ್ವತ್ತು?

(ನಮ್ಮ ಊರಿನ ಕಾರ್ಮಿಕ ವಾಚನಾಲಯದ ಅಂಗಳದಲ್ಲಿ ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಇಲ್ಲಿ ಕೊಟ್ಟಿದೆ.)

ಅಧ್ಯಕ್ಷರೇ, ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಗಿರಣಿಯ ಸಂಗಾತಿಗಳೇ, ಅಂಗಡಿಯ ಬಾಗಿಲನ್ನು ಒಂದು ತಾಸು ಮುಂಚೆಯೇ ಎಳೆದು ಬಂದಿರುವ ವರ್ತಕ ಬಂಧುಗಳೇ, ತಾಯಂದಿರೇ,

ರೈಲಿನ ವಿಷಯ ಮಾತಾಡಿ ಎಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಎಂಜಿನಿಯರರಲ್ಲ, ದೊಡ್ಡ ಓದು ಓದಿದವರೂ ಅಲ್ಲ. ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಆದ್ದರಿಂದ ಮೇಷ್ಟ್ರ ಹಾಗೆಯೇ ಹೇಳುತ್ತೇವೆ. ತಪ್ಪಿದ್ದರೆ ಎದ್ದು ನಿಂತು ಕೇಳಿ.

ನಾವು ಶಾಲೆಯಲ್ಲಿದ್ದಾಗ ಸಮಾಜ ಪಾಠದಲ್ಲಿ ಒಂದು ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಬ್ರಿಟಿಷರ ಆಳ್ವಿಕೆಯಿಂದ ಆದ ಅನುಕೂಲಗಳೇನು? ಉತ್ತರವನ್ನು ನಾವೇ ಹಲಗೆಯ ಮೇಲೆ ಬರೆಯುತ್ತಿದ್ದೆವು. ಒಂದು, ರೈಲು. ಎರಡು, ಅಂಚೆ ಮತ್ತು ತಂತಿ. ಮೂರು, ಇಂಗ್ಲಿಷ್ ವಿದ್ಯೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಅಂಕ ಬರುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ರೈಲಿಗೆ ರೊಕ್ಕ ಯಾರು ಕೊಟ್ರು?" ಎಂದು ಕೇಳಿದ. ಅವನ ಚಿಕ್ಕಪ್ಪ ಸ್ಟೇಷನ್ನಿನಲ್ಲಿ ಗುತ್ತಿಗೆಯ ಮೇಲೆ ಬೋಗಿ ತೊಳೆಯುವ ಕೆಲಸದಲ್ಲಿದ್ದ. ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಏಕೆಂದರೆ ನಮಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ ಕೂತುಕೋ" ಎಂದೆವು. ಆ ನಾಳೆ ಬರಲು ಬಹಳ ದಿನ ಹಿಡಿಯಿತು. ಇವೊತ್ತು ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಕಥೆಯ ಆರಂಭ. 1853ನೆಯ ಇಸವಿ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. ದೂರ 34 ಕಿಲೋಮೀಟರು. ಹದಿನಾಲ್ಕು ಡಬ್ಬಿ, ಮೂರು ಎಂಜಿನ್ನು, ಸುಮಾರು 400 ಮಂದಿ ಆಹ್ವಾನಿತರು. ಇಪ್ಪತ್ತೊಂದು ತೋಪು ಹಾರಿಸಿದರು. ನಾಲ್ಕೇ ದಿನದ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ತನ್ನ ಪ್ರಸಿದ್ಧ ಟಿಪ್ಪಣಿ ಬರೆದ. ರೈಲು ಏಕೆ ಬೇಕು ಎಂದು ಅದರಲ್ಲಿ ಕಾರಣಗಳಿವೆ. ಸೈನ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಸಾಗಿಸಬಹುದು. ಇಂಗ್ಲೆಂಡು ಹತ್ತಿಗಾಗಿ ಹಂಬಲಿಸುತ್ತಿದೆ, ಒಳನಾಡಿನ ಹತ್ತಿಯನ್ನು ಬಂದರಿಗೆ ತರಬಹುದು. ಅಲ್ಲಿಯ ಸರಕನ್ನು ಇಲ್ಲಿಯ ಮೂಲೆ ಮೂಲೆಗೆ ಕಳಿಸಬಹುದು. ಕಾರಣಗಳನ್ನು ಅವನು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದು ಆಮೇಲೆ ನಮ್ಮ ಪಠ್ಯಪುಸ್ತಕ.

ಈಗ ಹುಡುಗನ ಪ್ರಶ್ನೆಗೆ ಬರೋಣ. ರೊಕ್ಕ ಯಾರದು?

ರೈಲು ಹಾಕಿದವರು ಲಂಡನ್ನಿನಲ್ಲಿ ಹುಟ್ಟಿದ ಖಾಸಗಿ ಕಂಪೆನಿಗಳು. ಈಸ್ಟ್ ಇಂಡಿಯನ್ ರೈಲ್ವೆ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮೊದಲಾದವು. 1849ರ ಆಗಸ್ಟಿನಲ್ಲಿ ಇವುಗಳ ಜೊತೆ ಈಸ್ಟ್ ಇಂಡಿಯಾ ಕಂಪೆನಿ ಕರಾರು ಮಾಡಿಕೊಂಡಿತು. ಕರಾರನ್ನು ವ್ಯಾಪಾರ ಮಾಡುವ ಬಂಧುಗಳು ಕಿವಿಗೊಟ್ಟು ಕೇಳಬೇಕು. ಭೂಮಿ ಪುಕ್ಕಟೆ, 99 ವರ್ಷದ ಗೇಣಿ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಆದಾಯ ಗ್ಯಾರಂಟಿ. ರೈಲು ಓಡಿ ಲಾಭ ಬಂದರೆ ಸರಿ. ಬರದಿದ್ದರೆ ಕಡಿಮೆ ಬಿದ್ದದ್ದನ್ನು ಇಂಡಿಯಾದ ಖಜಾನೆ ಕಟ್ಟಿಕೊಡಬೇಕು. ಐದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನದರಲ್ಲಿ ಕಂಪೆನಿಗೂ ಪಾಲು.

ನೀವೇ ಯೋಚಿಸಿ. ನಿಮ್ಮಲ್ಲಿ ಒಬ್ಬರು ಪೇಟೆಯಲ್ಲಿ ಅಂಗಡಿ ಇಡುತ್ತೀರಿ. ಜಾಗ ಪುಕ್ಕಟೆ. ವ್ಯಾಪಾರ ಆಗಲಿ ಬಿಡಲಿ, ಹಾಕಿದ ಹಣಕ್ಕೆ ವರ್ಷವರ್ಷ ಐದು ಪರ್ಸೆಂಟು ನಿಮ್ಮ ಮನೆಗೆ ಬರುತ್ತದೆ. ಕೊಡುವವನು ಎದುರು ಬೀದಿಯ ಕೂಲಿಯವನು. ಇಂಥ ಅಂಗಡಿಯಲ್ಲಿ ಯಾರು ಖರ್ಚು ಹಿಡಿದು ಮಾಡುತ್ತಾರೆ? ಹೆಚ್ಚು ಖರ್ಚು ಮಾಡಿದಷ್ಟೂ ಬಡ್ಡಿ ಹೆಚ್ಚು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಅದೇ ನಡೆಯಿತು. ಇದನ್ನು ನಾವು ಮಾತ್ರ ಹೇಳುವುದಲ್ಲ. ಆ ಕಾಲದ ಇಂಡಿಯಾ ಸರ್ಕಾರದ ಹಣಕಾಸು ಸದಸ್ಯನಾಗಿದ್ದ ವಿಲಿಯಂ ಮ್ಯಾಸಿ ಎಂಬ ಇಂಗ್ಲಿಷಿನವನೇ ಪಾರ್ಲಿಮೆಂಟಿನ ಸಮಿತಿಯ ಮುಂದೆ 1872ರಲ್ಲಿ ಒಪ್ಪಿಕೊಂಡ. ಐದು ಪರ್ಸೆಂಟು ಖಾತ್ರಿಯಾಗಿರುವ ತನಕ ಹಣ ಕೊಟ್ಟವನಿಗೆ ತನ್ನ ಹಣ ಹೂಗ್ಲಿ ನದಿಗೆ ಬಿತ್ತೋ, ಇಟ್ಟಿಗೆ ಗಾರೆಯಾಯಿತೋ ಎಂಬ ಚಿಂತೆಯೇ ಇರಲಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ.

ಹಣ ಹೋದದ್ದು ಎಲ್ಲಿಗೆ? ಕಂಬಿ ಇಂಗ್ಲೆಂಡಿನದು, ಎಂಜಿನ್ ಇಂಗ್ಲೆಂಡಿನದು, ಸೇತುವೆಯ ಗರ್ಡರು ಇಂಗ್ಲೆಂಡಿನದು. ಕಾಡು ತುಂಬಿದ ದೇಶಕ್ಕೆ ಅಡಿಮರವನ್ನು ಕೂಡ ಮೊದಮೊದಲು ಹಡಗಿನಲ್ಲಿ ತಂದರು. ಬಡ್ಡಿ ಲಂಡನ್ನಿನಲ್ಲಿ ಪೌಂಡಿನ ಲೆಕ್ಕದಲ್ಲಿ ಸಂದಾಯ. ರೂಪಾಯಿಯ ಬೆಲೆ ಇಳಿದಷ್ಟೂ ರೈತನಿಂದ ಹೆಚ್ಚು ರೂಪಾಯಿ ಎತ್ತಿ ಕಳಿಸಬೇಕು. 1900ರ ಹೊತ್ತಿನ ತನಕ, ಸುಮಾರು ಅರ್ಧ ಶತಮಾನ, ಒಟ್ಟು ಲೆಕ್ಕದಲ್ಲಿ ರೈಲು ಸರ್ಕಾರದ ಖಜಾನೆಗೆ ನಷ್ಟವನ್ನೇ ತಂದಿತು. ರಮೇಶಚಂದ್ರ ದತ್ತರು ಆ ನಷ್ಟವನ್ನು ಸುಮಾರು 4 ಕೋಟಿ ಪೌಂಡು ಎಂದು ಲೆಕ್ಕ ಹಾಕಿ ತೋರಿಸಿದರು. ಅವರು ಇನ್ನೊಂದು ಲೆಕ್ಕವನ್ನೂ ಕೊಟ್ಟರು. ಅಷ್ಟು ವರ್ಷಗಳಲ್ಲಿ ರೈಲಿಗೆ ಹಾಕಿದ್ದು ಸುಮಾರು 22½ ಕೋಟಿ ಪೌಂಡು, ಕೆರೆ ಕಾಲುವೆ ನೀರಾವರಿಗೆ ಹಾಕಿದ್ದು ಸುಮಾರು 2½ ಕೋಟಿ. ಒಂದಕ್ಕೆ ಒಂಬತ್ತು. ಮಳೆ ನಂಬಿ ಬದುಕುವ ದೇಶದಲ್ಲಿ ನೀರಿಗೆ ಒಂದು ಪಾಲು, ಕಬ್ಬಿಣಕ್ಕೆ ಒಂಬತ್ತು ಪಾಲು.

ಆದ್ದರಿಂದ ಹುಡುಗನಿಗೆ ಮೊದಲ ಉತ್ತರ ಇದು. ಮಗು, ಹಣ ಕೈಗಡ ಕೊಟ್ಟವರು ಅವರು. ಬಡ್ಡಿ ಸಮೇತ ತೀರಿಸಿದವರು ನಮ್ಮ ಮುತ್ತಜ್ಜಂದಿರು. ಉಪ್ಪಿನ ಮೇಲೆ ತೆರಿಗೆ ಕೊಟ್ಟು, ಹೊಲದ ಕಂದಾಯ ಕೊಟ್ಟು ತೀರಿಸಿದರು. ಉಡುಗೊರೆ ಎಂದು ಹಲಗೆಯ ಮೇಲೆ ಬರೆದದ್ದು ನಮ್ಮ ತಪ್ಪು.

ಎರಡನೆಯದು, ಬೆವರು ಯಾರದು?

ಮುಂಬಯಿಯಿಂದ ಪುಣೆಗೆ ಹೋಗಿಬಂದವರು ಭೋರ್ ಘಾಟ್ ನೋಡಿರುತ್ತೀರಿ. ಕಿಟಕಿಯಿಂದ ನೋಡಿದರೆ ಸುರಂಗದ ಮೇಲೆ ಸುರಂಗ, ಪಕ್ಕದಲ್ಲಿ ಪಾತಾಳ. 1856ರಲ್ಲಿ ಕೆಲಸ ಶುರುವಾಗಿ 1863ರಲ್ಲಿ ಮುಗಿಯಿತು. 1861ರ ಹೊತ್ತಿಗೆ ಒಂದೇ ಘಟ್ಟದಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು. ಬಂಡೆಗೆ ತೂತು ಕೊರೆದು ಮದ್ದು ತುಂಬುವವರು ಹಗ್ಗದಲ್ಲಿ ನೇತಾಡುತ್ತ ಕೆಲಸ ಮಾಡಿದರು. ಮಳೆಗಾಲದಲ್ಲಿ ಜ್ವರ, ಬೇಸಗೆಯಲ್ಲಿ ಕಾಲರಾ. ಸತ್ತವರು ಸಾವಿರಾರು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಬಂದು ಕೆಲವೇ ದಿನಗಳಲ್ಲಿ ಸತ್ತ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ತಾನೇ ಮುಂದುವರಿಸಿದಳು. ಆ ಹೆಸರುಗಳು ದಾಖಲೆಯಲ್ಲಿವೆ. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಹೆಂಗಸಿನ ಹೆಸರು ಇಲ್ಲ.

ದಕ್ಷಿಣದ ರೈಲು ದಾರಿಗಳ ಮಣ್ಣು ಕೆಲಸದಲ್ಲಿ ನಮ್ಮ ಒಡ್ಡರದು ಎತ್ತಿದ ಕೈ. ಮನೆಮಂದಿ, ಕತ್ತೆ, ಗುದ್ದಲಿ ಸಮೇತ ಊರಿಂದ ಊರಿಗೆ ಹೋಗಿ ದಿಬ್ಬ ಏರಿಸಿದವರು ಅವರು. ನಾವು ಇವೊತ್ತು ಸೀಟಿಗೆ ಜಗಳವಾಡುತ್ತ ಕೂರುವ ಗಾಡಿಯ ಕೆಳಗೆ ಅವರ ಬೆನ್ನು ಇದೆ.

ಇನ್ನು ಕೂಲಿಯ ಮಾತು. ಕಂಪೆನಿ ಗುತ್ತಿಗೆದಾರನಿಗೆ ಕೊಟ್ಟಿತು, ಗುತ್ತಿಗೆದಾರ ತುಂಡು ಗುತ್ತಿಗೆದಾರನಿಗೆ ಕೊಟ್ಟ, ಅವನು ಮೇಸ್ತ್ರಿಗೆ ಕೊಟ್ಟ. ಕೂಲಿಯ ಕೈಗೆ ಬರುವಾಗ ಏನು ಉಳಿಯುತ್ತದೆ? ದೇವರು ಕೊಟ್ಟರೂ ಪೂಜಾರಿ ಕೊಡ. 1859ರ ಜನವರಿಯಲ್ಲಿ ಭೋರ್ ಘಾಟಿನ ಕೂಲಿಕಾರರು ಸಂಬಳ ಸಿಗದೆ ರೊಚ್ಚಿಗೆದ್ದರು, ಬಿಳಿಯ ಮೇಲ್ವಿಚಾರಕರ ಮೇಲೆ ಬಿದ್ದರು. ವಿಚಾರಣೆ ಆಯಿತು. ಮರುವರ್ಷ, 1860ರಲ್ಲಿ, ಒಂದು ಕಾಯಿದೆ ಬಂತು. ಕೂಲಿಯ ತಗಾದೆಯನ್ನು ಮ್ಯಾಜಿಸ್ಟ್ರೇಟರು ಬಗೆಹರಿಸಬೇಕು ಎಂದು ಅದು ಹೇಳಿತು. ಜೊತೆಗೆ ಒಪ್ಪಿಕೊಂಡ ಕೆಲಸ ಬಿಟ್ಟು ಹೋದ ಕೂಲಿಯವನನ್ನು ಜೈಲಿಗೆ ಹಾಕಬಹುದು ಎಂದೂ ಹೇಳಿತು. ಇದನ್ನು ಜ್ಞಾಪಕದಲ್ಲಿಡಿ. ಮುಂದೆ ಇದರ ಕಡೆಗೇ ಬರುತ್ತೇವೆ.

ಮೂರನೆಯದು, ನಮ್ಮ ಸೀಮೆಗೆ ರೈಲು ಬಂದ ಬಗೆ.

ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಮುಟ್ಟಿದ್ದು 1864ರಲ್ಲಿ. ದಂಡು ಎಂದರೇನು? ಸೈನ್ಯದ ಪಾಳೆಯ. ಪೇಟೆಗಿಂತ ಮೊದಲು ಪಾಳೆಯಕ್ಕೆ ರೈಲು. ಆಮೇಲೆ 1876ರಿಂದ 78ರ ತನಕ ಧಾತು ಈಶ್ವರ ಸಂವತ್ಸರದ ಬರ. ನಮ್ಮ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿ ಹೇಳುತ್ತಿದ್ದ ಬರ. 1871ರ ಖಾನೇಶುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷ ಇಳಿದಿತ್ತು.

ಬೆಂಗಳೂರಿನವರೆಗೆ ರೈಲಿತ್ತಲ್ಲ, ಕಾಳು ಬರಲಿಲ್ಲವೇ ಎಂದು ಕೇಳಬಹುದು. ಬಂತು. ಅಲ್ಲಿಂದಾಚೆ ಎತ್ತಿನ ಗಾಡಿಯೇ ಗತಿ, ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಇನ್ನೊಂದು ಮಾತನ್ನೂ ಮರೆಯಬಾರದು. ರೈಲಿಗೆ ದಿಕ್ಕಿಲ್ಲ. ಬೆಲೆ ಎಲ್ಲಿ ಹೆಚ್ಚೋ ಅಲ್ಲಿಗೆ ಕಾಳನ್ನು ಒಯ್ಯುತ್ತದೆ. ದಕ್ಷಿಣದಲ್ಲಿ ಜನ ಸಾಯುತ್ತಿದ್ದ ಆ ವರ್ಷಗಳಲ್ಲಿಯೇ ಈ ದೇಶದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಹಸಿದವನ ಕೈಯಲ್ಲಿ ದುಡ್ಡಿಲ್ಲದಿದ್ದರೆ ರೈಲು ಅವನ ಊರನ್ನು ದಾಟಿ ಹೋಗುತ್ತದೆ, ನಿಲ್ಲುವುದಿಲ್ಲ.

ಬರದ ಕೂಲಿಗೆಂದು ಬೆಂಗಳೂರು ಮೈಸೂರು ದಾರಿಯ ಮಣ್ಣು ಕೆಲಸ ಶುರುವಾಯಿತು. 1882ರಲ್ಲಿ ಗಾಡಿ ಮೈಸೂರು ತಲುಪಿತು. ಹೊಟ್ಟೆಗಿಲ್ಲದವರು ಗಂಜಿಯ ಆಸೆಗೆ ಹೊತ್ತು ಹಾಕಿದ ಮಣ್ಣಿನ ಮೇಲೆ ಆ ಕಂಬಿ ಕೂತಿದೆ. ಅದೇ 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿತು. ಬರದ ಸೀಮೆಗೆ ಅನ್ನ ಮುಟ್ಟಿಸುವ ದಾರಿ ಎಂಬುದು ಅದರ ಹೆಸರು. ಧಾರವಾಡ ಸೀಮೆಯ ಹತ್ತಿ ಸಮುದ್ರ ಮುಟ್ಟುವ ದಾರಿ ಎಂಬುದು ಅದರ ಇನ್ನೊಂದು ಮುಖ. 1888ರಲ್ಲಿ ಪೋರ್ಚುಗೀಸರ ಮುರಗಾವಿ ಬಂದರಿನಿಂದಲೂ ರೈಲು ಓಡತೊಡಗಿತು. ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ಎದ್ದಿತು. ಹುಬ್ಬಳ್ಳಿಯನ್ನು ಕಾರ್ಮಿಕರ ಊರು ಮಾಡಿದ್ದು ಅದು. ಮೈಸೂರು ಸಂಸ್ಥಾನವೇ ಹಾಕಿಸಿದ ದಾರಿಯನ್ನೂ 1886ರಲ್ಲಿ ಇದೇ ಕಂಪೆನಿಯ ಆಡಳಿತಕ್ಕೆ ವಹಿಸಿದರು. ದಾರಿ ನಮ್ಮದು, ಚಾವಿ ಅವರದು.

ಸರಕಿನ ದರದ ವಿಷಯ ವರ್ತಕರಿಗಾಗಿ ಹೇಳುತ್ತೇವೆ. ಕಂಪೆನಿಗಳು ದರ ಕಟ್ಟಿದ್ದು ಹೀಗೆ. ಒಳನಾಡಿನಿಂದ ಬಂದರಿಗೆ ಹೋಗುವ ಕಚ್ಚಾ ಮಾಲಿಗೆ ಅಗ್ಗ. ಬಂದರಿನಿಂದ ಒಳನಾಡಿಗೆ ಬರುವ ಸೀಮೆ ಬಟ್ಟೆಗೆ ಅಗ್ಗ. ನಮ್ಮ ಊರಿನಿಂದ ನಮ್ಮದೇ ಇನ್ನೊಂದು ಊರಿನ ಗಿರಣಿಗೆ ಹೋಗುವ ಮಾಲಿಗೆ ದುಬಾರಿ. 1916ರಿಂದ 18ರವರೆಗೆ ಕೂತ ಕೈಗಾರಿಕಾ ಆಯೋಗವೇ ಈ ಅನ್ಯಾಯವನ್ನು ಎತ್ತಿ ಹೇಳಿತು. ಜೊತೆಗೆ ಗೇಜಿನ ಗೊಂದಲ ಬೇರೆ. ಒಂದು ಕಡೆ ಐದೂವರೆ ಅಡಿಯ ಅಗಲ ದಾರಿ, 1870ರ ಮೇಲೆ ಅಗ್ಗವೆಂದು ಹಾಕಿದ ಮೀಟರ್ ಗೇಜು ಇನ್ನೊಂದು ಕಡೆ. ಎರಡೂ ಕೂಡುವ ಜಂಕ್ಷನ್ನಿನಲ್ಲಿ ಪ್ರತಿ ಮೂಟೆಯನ್ನೂ ಹಮಾಲರು ಇಳಿಸಿ ಮತ್ತೆ ಹೇರಬೇಕು. ಬೆಂಗಳೂರು ಹುಬ್ಬಳ್ಳಿ ದಾರಿ ಅಗಲವಾಗಿದ್ದು 1990ರ ದಶಕದಲ್ಲಿ, ನಮ್ಮವರೇ ಆದ ಜಾಫರ್ ಷರೀಫರು ಮಂತ್ರಿಯಾಗಿದ್ದಾಗ ಹಾಕಿಕೊಂಡ ಯೋಜನೆಯಿಂದ. ನೂರು ವರ್ಷ ನಮ್ಮ ಪೇಟೆ ಆ ಇಕ್ಕಟ್ಟಿನ ದಾರಿಯ ದಂಡ ತೆತ್ತಿತು.

ಎಂಜಿನ್ನಿನ ಕಥೆಯೂ ಅಷ್ಟೆ. 1895ರಲ್ಲಿ ಅಜ್ಮೀರದ ಕಾರ್ಯಾಗಾರದಲ್ಲಿ ನಮ್ಮ ಕೆಲಸಗಾರರು ಒಂದು ಎಂಜಿನ್ನನ್ನು ಪೂರ್ತಿಯಾಗಿ ಕಟ್ಟಿ ತೋರಿಸಿದರು. ಕೈ ಬರುತ್ತದೆ ಎಂದು ಗೊತ್ತಾಯಿತು. ಹಾಗಿದ್ದೂ 1947ರವರೆಗೆ ಇಲ್ಲಿ ಕಟ್ಟಿದ್ದು ಸುಮಾರು 700, ಅಲ್ಲಿಂದ ತರಿಸಿದ್ದು ಹನ್ನೆರಡು ಸಾವಿರಕ್ಕೂ ಮೇಲೆ. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಚಿತ್ತರಂಜನ್, 1955ರಲ್ಲಿ ಪೆರಂಬೂರು, 1984ರಲ್ಲಿ ನಮ್ಮ ಯಲಹಂಕದ ಗಾಲಿ ಕಾರ್ಖಾನೆ ಶುರುವಾದವು. ಬರದಿದ್ದದ್ದು ಬುದ್ಧಿಯಲ್ಲ, ಅಪ್ಪಣೆ.

ಈಗ ಮುಖ್ಯ ವಿಷಯ. ರೈಲು ಸರ್ಕಾರದ್ದಾದದ್ದು ಹೇಗೆ?

ಒಂದೇ ದಿನದಲ್ಲಿ ಆಗಲಿಲ್ಲ. 1880ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯನ್ನು, 1900ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾವನ್ನು ಸರ್ಕಾರ ಕೊಂಡಿತು. ಕೊಂಡು ಏನು ಮಾಡಿತು? ನಡೆಸುವ ಕೆಲಸವನ್ನು ಅದೇ ಕಂಪೆನಿಗಳಿಗೇ ವಾಪಸು ಕೊಟ್ಟಿತು. ಮಾಲೀಕ ಸರ್ಕಾರ, ಯಜಮಾನಿಕೆ ಕಂಪೆನಿಯದು. ಮೂರನೆಯ ದರ್ಜೆಯ ಪ್ರಯಾಣಿಕ ಕುರಿಯ ಹಾಗೆ ತುಂಬಿಕೊಂಡು ಹೋಗುತ್ತಲೇ ಇದ್ದ. ಪ್ರಯಾಣಿಕರಿಂದ ಬರುವ ಹಣದ ಬಹುಪಾಲು ಅವನದೇ, ಕಟ್ಟಕಡೆಯ ಕಾಳಜಿಯೂ ಅವನದೇ. ಗಾಂಧೀಜಿ ಮೂರನೆಯ ದರ್ಜೆಯಲ್ಲಿ ತಿರುಗಿ 1917ರಲ್ಲಿ ಆ ನರಕವನ್ನು ಬರೆದು ತೋರಿಸಿದರು. ಜನರ ಕೂಗು ಎದ್ದಿತು. 1920ರಲ್ಲಿ ಆಕ್‌ವರ್ತ್ ಸಮಿತಿ ಕೂತಿತು. ಶ್ರೀನಿವಾಸ ಶಾಸ್ತ್ರಿಗಳೂ ಅದರಲ್ಲಿದ್ದರು. ಸದಸ್ಯರು ಅರ್ಧಕ್ಕರ್ಧ ಒಡೆದರು. ಅಧ್ಯಕ್ಷ ಆಕ್‌ವರ್ತ್ ಇಂಗ್ಲಿಷಿನವನಾದರೂ ಸರ್ಕಾರವೇ ರೈಲು ನಡೆಸಬೇಕು ಎಂಬ ಕಡೆಗೆ ನಿಂತ. 1924ರಲ್ಲಿ ರೈಲಿನ ಆಯವ್ಯಯ ಬೇರೆಯಾಯಿತು. 1925ರಲ್ಲಿ ಆ ಎರಡು ದೊಡ್ಡ ಕಂಪೆನಿಗಳ ಆಡಳಿತ ಸರ್ಕಾರದ ಕೈಗೆ ಬಂತು. ನಮ್ಮ ಕಡೆಯ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ 1944ರಲ್ಲಿ ಬಂತು. 1950ರಲ್ಲಿ ಮೈಸೂರು ಸಂಸ್ಥಾನದ ರೈಲು ಕೇಂದ್ರಕ್ಕೆ ಸೇರಿತು. 1951ರ ಏಪ್ರಿಲ್ 14ರಂದು ಎಲ್ಲವೂ ಕೂಡಿ ದಕ್ಷಿಣ ರೈಲ್ವೆಯಾಯಿತು. 2003ರಲ್ಲಿ ಹುಬ್ಬಳ್ಳಿಯೇ ನೈರುತ್ಯ ರೈಲ್ವೆಯ ಕೇಂದ್ರವಾಯಿತು.

ಹೀಗೆ ನೂರು ವರ್ಷ ಹಿಡಿದು ರೈಲು ನಮ್ಮದಾಯಿತು. ಒಳ್ಳೆಯದಾಗಲಿಲ್ಲವೇ? ಆಯಿತು. ಅದನ್ನು ಹೇಳದಿದ್ದರೆ ನಾವು ಅಪ್ರಾಮಾಣಿಕರು. ಬಡವ ಕೊಡಬಹುದಾದ ದರದಲ್ಲಿ ಈ ದೇಶದಷ್ಟು ಜನರನ್ನು ಹೊರುವ ರೈಲು ಅಪರೂಪ. 1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರೇ ಹೋಯಿತು. 1977ರಲ್ಲಿ ಮಂತ್ರಿಯಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮರದ ಹಲಗೆಗೆ ಮೆತ್ತೆ ಹಾಕಿಸಿದರು. ಬಡವನ ಬೆನ್ನೂ ಬೆನ್ನೇ ಎಂದು ಒಪ್ಪಿಕೊಳ್ಳಲು 124 ವರ್ಷ ಬೇಕಾಯಿತು. 2016ರಲ್ಲಿ ಲಾತೂರಿನಲ್ಲಿ ಕುಡಿಯುವ ನೀರಿಲ್ಲದಾಗ ಮೀರಜಿನಿಂದ ರೈಲಿನಲ್ಲಿ ನೀರು ಹೋಯಿತು. ಬರಕ್ಕೆ ರೈಲು ಹೀಗೆ ಒದಗಬೇಕು.

ಆದರೆ ಮಾಲೀಕನ ಹೆಸರು ಬದಲಾದ ಮಾತ್ರಕ್ಕೆ ಎಲ್ಲವೂ ಬದಲಾಗುವುದಿಲ್ಲ. ಇದಕ್ಕೆ ಎರಡು ಸಾಕ್ಷಿ ಕೊಡುತ್ತೇವೆ.

ಮೊದಲನೆಯದು 1974. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರು. ಎಂಜಿನ್ ನಡೆಸುವವನಿಗೆ ಎಂಟು ಗಂಟೆಯ ದುಡಿಮೆ, ಉಳಿದ ಕಾರ್ಖಾನೆಗಳಲ್ಲಿ ಕೊಡುವಂತೆ ಬೋನಸ್ಸು, ಇವೇ ಮುಖ್ಯ ಬೇಡಿಕೆ. ಕೇಳಿದ್ದು ಕಂಪೆನಿಯನ್ನಲ್ಲ, ತಮ್ಮದೇ ಸರ್ಕಾರವನ್ನು. ಮಾತುಕತೆ ನಡೆಯುತ್ತಿರುವಾಗಲೇ ಫರ್ನಾಂಡಿಸರನ್ನು ಬಂಧಿಸಿದರು. ಮೇ 8ರಂದು ಲಕ್ಷಾಂತರ ಜನ ಕೆಲಸ ನಿಲ್ಲಿಸಿದರು. ಇಪ್ಪತ್ತು ದಿನ ನಡೆಯಿತು. ಸಾವಿರಾರು ಮಂದಿ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು, ಹೆಂಗಸರು ಮಕ್ಕಳು ರೈಲ್ವೆ ವಸತಿಯಿಂದ ಬೀದಿಗೆ ಬಿದ್ದರು. ಮುಷ್ಕರ ಮುರಿಯಿತು. ಆದರೆ ಬೇಡಿಕೆ ಸಾಯಲಿಲ್ಲ. ಕೆಲಸ ಹೋದವರನ್ನು 1977ರ ಸರ್ಕಾರ ವಾಪಸು ತೆಗೆದುಕೊಂಡಿತು. 1979ರಲ್ಲಿ ಬೋನಸ್ಸೂ ಬಂತು. ಸೋತ ಮುಷ್ಕರವೂ ಬೀಜ ಬಿತ್ತುತ್ತದೆ.

ಎರಡನೆಯದು ನಾವೇ ಕಣ್ಣಾರೆ ಕಂಡದ್ದು. ರೊಕ್ಕ ಯಾರು ಕೊಟ್ರು ಎಂದು ಕೇಳಿದ ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದೆವು. ಚಿಕ್ಕಪ್ಪನಿಗೆ ಮೂರು ತಿಂಗಳಿಂದ ಸಂಬಳ ಇಲ್ಲ. ಹುಡುಗ ಚಹದಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ಗುತ್ತಿಗೆದಾರನನ್ನು ಕೇಳಿದರೆ ಬಿಲ್ಲು ಪಾಸಾಗಿಲ್ಲ ಎಂದ. ಹದಿನೇಳು ಮಂದಿ ಕೆಲಸಗಾರರ ಜೊತೆ ನಾವು ಕಚೇರಿಗೆ ಹೋದೆವು. ಯಾವ ಕಚೇರಿ, ಯಾವ ಅಧಿಕಾರಿ ಎಂಬುದು ಇಲ್ಲಿ ಬೇಡ. ಅವರು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. "ಮೇಷ್ಟ್ರೇ, ಇವರು ನಮ್ಮವರಲ್ಲ. ಗುತ್ತಿಗೆದಾರರ ಜನ" ಎಂದರು.

ಬಂಧುಗಳೇ, ಭೋರ್ ಘಾಟಿನಲ್ಲಿ ಕಂಪೆನಿ ಆಡಿದ ಮಾತೂ ಇದೇ. ಇವರು ನಮ್ಮವರಲ್ಲ, ಗುತ್ತಿಗೆದಾರನ ಜನ. 160 ವರ್ಷ ಕಳೆದಿತ್ತು, ಧ್ವಜ ಬದಲಾಗಿತ್ತು, ಮಾತು ಬದಲಾಗಿರಲಿಲ್ಲ.

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅನಂತರ ಬಂದ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆ ಕಲಮನ್ನು ಹಾಳೆಯ ಮೇಲೆ ಕೈಬರಹದಲ್ಲಿ ಬರೆದು, ಹದಿನೇಳು ಮಂದಿಯ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಕೊಟ್ಟೆವು. ಎರಡು ವಾರದ ಮೇಲೆ ಎರಡು ತಿಂಗಳ ಸಂಬಳ ಬಂತು. ಮೂರನೆಯ ತಿಂಗಳದ್ದು ಬರಲೇ ಇಲ್ಲ. ಇಬ್ಬರನ್ನು ಕೆಲಸದಿಂದ ತೆಗೆದರು. ಪೂರ್ತಿ ಗೆಲುವಲ್ಲ. ನಾವು ಮೇಷ್ಟ್ರ ಕೆಲಸ ಬಿಟ್ಟು ಈ ಕೆಲಸಕ್ಕೆ ಬಂದದ್ದು ಆ ಮೂರನೆಯ ತಿಂಗಳ ಬಾಕಿಯಿಂದ.

1991ರ ಹೊತ್ತಿಗೆ ರೈಲ್ವೆಯಲ್ಲಿ ಸುಮಾರು 16½ ಲಕ್ಷ ಕಾಯಂ ನೌಕರರಿದ್ದರು. ಈಚಿನ ವರ್ಷಗಳಲ್ಲಿ ಸುಮಾರು 12 ಲಕ್ಷ. ಗಾಡಿಗಳು ಕಡಿಮೆಯಾಗಿಲ್ಲ. ಹಾಗಾದರೆ ಕೆಲಸ ಎಲ್ಲಿ ಹೋಯಿತು? ಒಂದಿಷ್ಟು ಯಂತ್ರಕ್ಕೆ, ಒಂದಿಷ್ಟು ಉಳಿದವರ ಹೆಗಲಿಗೆ, ಒಂದಿಷ್ಟು ಗುತ್ತಿಗೆಗೆ. ಸ್ಟೇಷನ್ನಿನಲ್ಲಿ ಕಸ ಗುಡಿಸುವ ತಾಯಿ ಯಾರ ನೌಕರಳು ಎಂದು ಅವಳಿಗೇ ಗೊತ್ತಿಲ್ಲ.

2020ನ್ನೂ ನೆನೆಯಿರಿ. ಮಾರ್ಚಿನಲ್ಲಿ ಗಾಡಿಗಳು ನಿಂತವು. ಪರಊರಿನ ಕೂಲಿಕಾರರು ನಡೆದು ಹೊರಟರು. ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಹತ್ತಿರ ನಡೆದು ಸುಸ್ತಾಗಿ ಕಂಬಿಯ ಮೇಲೆ ಮಲಗಿದ್ದ 16 ಮಂದಿಯ ಮೇಲೆ ಗೂಡ್ಸು ಗಾಡಿ ಹರಿಯಿತು. ರೈಲು ನಿಂತಿದೆ ಎಂದು ನಂಬಿ ಮಲಗಿದ್ದರು. ಅದೇ ವಾರ ನಮ್ಮ ರಾಜ್ಯದಲ್ಲಿ ಏನಾಯಿತು? ಕಟ್ಟಡ ಮಾಲೀಕರ ಜೊತೆ ಸಭೆ ನಡೆದ ಮೇಲೆ ಶ್ರಮಿಕರ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಡಿಸಿತು. ಕೂಲಿಯವನು ಊರಿಗೆ ಹೋದರೆ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕ. 1860ರ ಕಾಯಿದೆಯನ್ನು ಜ್ಞಾಪಕದಲ್ಲಿಡಿ ಎಂದದ್ದು ಇದಕ್ಕೇ.

ವರ್ತಕ ಬಂಧುಗಳೇ, ನಿಮ್ಮ ಕಷ್ಟವೂ ಇದರೊಳಗಿದೆ. ಹಿಂದೆ ಹತ್ತು ಮೂಟೆ ಇದ್ದರೂ ಗೂಡ್ಸ್ ಶೆಡ್ಡಿನಲ್ಲಿ ಬುಕ್ ಮಾಡುತ್ತಿದ್ದಿರಿ. 1980ರ ದಶಕದಿಂದೀಚೆಗೆ ರೈಲ್ವೆ ಇಡೀ ಗಾಡಿ ತುಂಬುವ ಗಿರಾಕಿಯನ್ನೇ ಹುಡುಕಿತು. ಕಲ್ಲಿದ್ದಲು, ಅದಿರು, ಸಿಮೆಂಟು ಸಾಗಿಸುವ ದೊಡ್ಡವರಿಗೆ ರೈಲು ಸಿಕ್ಕಿತು. ಚಿಕ್ಕವರಿಗೆ ಲಾರಿ ಸಿಕ್ಕಿತು, ಡೀಸೆಲಿನ ಬೆಲೆ ಸಿಕ್ಕಿತು.

ರೈಲು ನಷ್ಟದಲ್ಲಿದೆ, ಖಾಸಗಿಗೆ ಕೊಡಿ ಎನ್ನುವವರಿದ್ದಾರೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ನೂರಕ್ಕೆ 57 ಮಾತ್ರ ವಸೂಲಾಗುತ್ತದೆ ಎಂದು 2016ರಿಂದ ಟಿಕೆಟಿನ ಮೇಲೆಯೇ ಅಚ್ಚು ಹಾಕಿದರು. ಬಡವನಿಗೆ ಉಪಕಾರ ಮಾಡಿದ್ದನ್ನು ಬಡವನ ಕೈಯಲ್ಲೇ ಬರೆದುಕೊಟ್ಟ ಹಾಗೆ. ಲಂಡನ್ನಿನ ಷೇರುದಾರನಿಗೆ ನಮ್ಮ ಖಜಾನೆ ಐದು ಪರ್ಸೆಂಟು ತುಂಬಿಕೊಡುತ್ತಿದ್ದಾಗ ಯಾವ ಟಿಕೆಟಿನ ಮೇಲೂ ಅಚ್ಚು ಹಾಕಿರಲಿಲ್ಲ. ಇನ್ನು ಕೊರತೆ ತುಂಬುವುದು ಬಹುಮಟ್ಟಿಗೆ ಸರಕಿನ ಬಾಡಿಗೆಯಿಂದ. ಆ ಬಾಡಿಗೆ ಸಿಮೆಂಟು ಗೊಬ್ಬರದ ಬೆಲೆಯಲ್ಲಿ ಸೇರಿ ನಮ್ಮಿಂದಲೇ ಬರುತ್ತದೆ. ಕೊಡುವವರೂ ನಾವೇ, ಋಣಿಗಳೂ ನಾವೇ ಎಂದರೆ ಹೇಗೆ?

ರೈಲನ್ನು ಹುಟ್ಟಿಸಿದ ಇಂಗ್ಲೆಂಡನ್ನೇ ನೋಡಿ. 1948ರಲ್ಲಿ ಅವರು ತಮ್ಮ ರೈಲನ್ನು ರಾಷ್ಟ್ರೀಕರಣ ಮಾಡಿದರು. 1990ರ ದಶಕದಲ್ಲಿ ತುಂಡು ಮಾಡಿ ಮಾರಿದರು. ಕಂಬಿಗಳನ್ನು ಕೊಂಡ ಕಂಪೆನಿ 2001ರಲ್ಲಿ ಕುಸಿಯಿತು, ಸರ್ಕಾರವೇ ಎತ್ತಬೇಕಾಯಿತು. 2024ರಲ್ಲಿ ಪ್ರಯಾಣಿಕ ಗಾಡಿಗಳನ್ನು ವಾಪಸು ಪಡೆಯಲು ಕಾನೂನು ಮಾಡಿದರು. 2025ರ ಮೇ ತಿಂಗಳಲ್ಲಿ ಆ ಕಾನೂನಿನಂತೆ ಮೊದಲು ವಾಪಸು ಬಂದದ್ದರ ಹೆಸರು ಸೌತ್ ವೆಸ್ಟರ್ನ್ ರೈಲ್ವೆ. ನಮ್ಮ ಹುಬ್ಬಳ್ಳಿಯ ರೈಲ್ವೆಯ ಹೆಸರೇ. ಅವರು ಸುಟ್ಟುಕೊಂಡ ಕೈಯನ್ನು ನೋಡಿಯೂ ನಾವು ಅದೇ ಒಲೆಗೆ ಕೈ ಚಾಚಬೇಕೇ?

ಹಾಗೆಂದು ಸರ್ಕಾರದ್ದು ಎಂದ ಕೂಡಲೆ ಕೈಮುಗಿದು ಕೂರುವುದೂ ಅಲ್ಲ. 1924ರಲ್ಲಿ ಬೇರೆಯಾದ ರೈಲಿನ ಆಯವ್ಯಯವನ್ನು 2017ರಲ್ಲಿ ಸಾಮಾನ್ಯ ಆಯವ್ಯಯದಲ್ಲಿ ಸೇರಿಸಿದರು. ಮೊದಲು ವರ್ಷಕ್ಕೊಂದು ದಿನವಾದರೂ ಪಾರ್ಲಿಮೆಂಟಿನಲ್ಲಿ ರೈಲಿನ ಮಾತೇ ಮಾತಾಗುತ್ತಿತ್ತು. 2020ರಲ್ಲಿ ವೃದ್ಧರ ರಿಯಾಯಿತಿ ನಿಲ್ಲಿಸಿದರು. ರೋಗ ಇಳಿದು ವರ್ಷಗಳಾದ ಮೇಲೂ ಅದು ತಿರುಗಿ ಬರಲಿಲ್ಲ. ಕೇಳುವವರಿಲ್ಲದ ಸ್ವತ್ತು ಹೆಸರಿಗೆ ಎಲ್ಲರದು, ನಿಜಕ್ಕೆ ಕೀಲಿಕೈ ಇದ್ದವನದು.

ಆದ್ದರಿಂದ ಮೂರು ಮಾತು ಹೇಳಿ ಮುಗಿಸುತ್ತೇವೆ.

ಒಂದು. ರೈಲು ನಮ್ಮದು ಎಂದ ಮೇಲೆ ನಮ್ಮದರ ಹಾಗೆ ನಡೆದುಕೊಳ್ಳಬೇಕು. ಟಿಕೆಟಿಲ್ಲದೆ ಹತ್ತುವವನು, ಗಾಡಿಗೆ ಕಲ್ಲು ಹೊಡೆಯುವವನು ಯಾವ ಬಿಳಿಯ ಕಂಪೆನಿಗೂ ನಷ್ಟ ಮಾಡುತ್ತಿಲ್ಲ. ತನ್ನ ಮುತ್ತಜ್ಜ ಸಾಲ ತೀರಿಸಿ ಬಿಟ್ಟುಹೋದ ಮನೆಗೆ ಕಲ್ಲು ಹೊಡೆಯುತ್ತಿದ್ದಾನೆ.

ಎರಡು. ಮಾಲೀಕರ ಹಾಗೆ ಲೆಕ್ಕ ಕೇಳಬೇಕು. ರಿಸರ್ವೇಷನ್ ಇಲ್ಲದ ಡಬ್ಬಿ ಎಷ್ಟು, ನಮ್ಮ ಊರಿನಲ್ಲಿ ನಿಲ್ಲುವ ಗಾಡಿ ಎಷ್ಟು, ಸಣ್ಣ ವರ್ತಕನ ಮಾಲಿಗೆ ಜಾಗ ಎಲ್ಲಿ? ಗಿರಣಿಯವರು ಒಂದು ಅರ್ಜಿ, ಪೇಟೆಯವರು ಇನ್ನೊಂದು ಅರ್ಜಿ ಬೇಡ. ಒಂದೇ ಅರ್ಜಿ, ಎಲ್ಲರ ಸಹಿ.

ಮೂರು. ಸ್ಟೇಷನ್ನಿನಲ್ಲಿ ಬೋಗಿ ತೊಳೆಯುವವರು, ಕಸ ಗುಡಿಸುವವರು, ಕಂಬಿಯ ಮೇಲೆ ಜಲ್ಲಿ ಎಳೆಯುವವರು, ಇವರು ನಮ್ಮವರು. ಕಚೇರಿ ಏನೇ ಹೇಳಲಿ, ನಾವು ಹೇಳೋಣ. ಅವರ ಸಂಘಕ್ಕೆ ಈ ವಾಚನಾಲಯದಲ್ಲಿ ಪ್ರತಿ ಭಾನುವಾರ ಜಾಗ ಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಕೃತಜ್ಞರು.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಇಲ್ಲೇ ಎಲ್ಲೋ ಹಿಂದೆ ನಿಂತಿರಬೇಕು, ಅವನಿಗೆ ಹಿಂದಿನ ಸಾಲೇ ಇಷ್ಟ. ಅಪ್ಪಾ, ತಡವಾಯಿತು, ಕ್ಷಮಿಸು. ನಿನ್ನ ಪ್ರಶ್ನೆಗೆ ಉತ್ತರ ಇದು. ರೊಕ್ಕ ನಿಮ್ಮವರೇ ಕೊಟ್ಟದ್ದು. ಮಣ್ಣು ನಿಮ್ಮವರೇ ಹೊತ್ತದ್ದು. ನಿನ್ನ ಚಿಕ್ಕಪ್ಪನ ಮೂರನೆಯ ತಿಂಗಳ ಬಾಕಿ ಇನ್ನೂ ಲೆಕ್ಕದಲ್ಲಿದೆ, ನಾವು ಹೊಡೆದುಹಾಕಿಲ್ಲ.